ನಿಸ್ತಂತು ಕಾರ್ಡೂ ನಮ್ಮ ವಿದ್ಯಾರ್ಥಿಗಳೂ

ವಿಜ್ಞಾನವನ್ನು ಓದುವುದು ಬೇರೆ, ವಿಜ್ಞಾನಿಯಂತೆ ಯೋಚಿಸುವುದು ಬೇರೆ ಎಂಬ ಮಾತನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಆಡಿದ್ದೇವೆ. ಆಡಿದ ಮಾತಿಗೆ ನಾವೇ ಎಷ್ಟರಮಟ್ಟಿಗೆ ಬದ್ಧರಾಗಿದ್ದೇವೆಂದು ಪರೀಕ್ಷಿಸಿಕೊಳ್ಳುವ ಸಂದರ್ಭ ಮಾತ್ರ ಅಪರೂಪಕ್ಕೆ ಒದಗುತ್ತದೆ. ಕಳೆದ ಮಳೆಗಾಲದಲ್ಲಿ ಭದ್ರಾವತಿಯ ಒಂದು ಮನೆಯಲ್ಲಿ ಅಂಥ ಸಂದರ್ಭ ನಮಗೆ ಒದಗಿತು. ಪರೀಕ್ಷೆಯ ವಸ್ತು ಒಂದು ಹಳೆಯ ಲ್ಯಾಪ್‌ಟಾಪ್, ಪರೀಕ್ಷಕಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ನಮ್ಮ ಅಕ್ಕನ ಮಗಳು. ಮೊದಲ ಯತ್ನದಲ್ಲಿ ನಾವು ಉತ್ತೀರ್ಣರಾಗಲಿಲ್ಲವೆಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಂಡುಬಿಡುವುದು ಲೇಸು.

ನಾವು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು. ಅಕ್ಕನ ಮನೆ ಸುಮಾರು 18 ಕಿಲೋಮೀಟರು ಆಚೆ, ಭದ್ರಾವತಿಯಲ್ಲಿದೆ. ಮಗಳ ಓದಿಗೆಂದು ಭಾವನವರು ತಂದುಕೊಟ್ಟಿದ್ದ ಲ್ಯಾಪ್‌ಟಾಪ್ ಬೇರೆಯವರು ಏಳೆಂಟು ವರ್ಷ ಬಳಸಿ ಬಿಟ್ಟದ್ದು. ಅದು ತೀರ ನಿಧಾನವಾಯಿತೆಂದು ಪರಿಚಯದ ಹುಡುಗನೊಬ್ಬ ಅದರಲ್ಲಿದ್ದ ವಿಂಡೋಸನ್ನು ತೆಗೆದು, ತನ್ನ ಬಳಿಯಿದ್ದ ಹಳೆಯ ಪ್ರತಿಯೊಂದರಿಂದ ಲಿನಕ್ಸನ್ನು ಹಾಕಿಕೊಟ್ಟಿದ್ದನು. ಯಂತ್ರವೇನೋ ಚುರುಕಾಯಿತು, ಆದರೆ ಅಂದಿನಿಂದ ವೈ-ಫೈ ಎಂಬುದು ಅದರಲ್ಲಿ ಹುಟ್ಟಿಯೇ ಇರಲಿಲ್ಲವೆಂಬಂತಾಯಿತು. ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿಯವರು ಐದು ನಿಮಿಷ ನೋಡಿ, ‘ವೈ-ಫೈ ಕಾರ್ಡು ಸುಟ್ಟುಹೋಗಿದೆ, ಬೋರ್ಡಿಗೂ ಏಟು ಬಿದ್ದಿರಬಹುದು, ಇದಕ್ಕೆ ದುಡ್ಡು ಹಾಕುವುದಕ್ಕಿಂತ ಹೊಸದನ್ನೇ ಕೊಳ್ಳಿ’ ಎಂದು ತೀರ್ಪಿತ್ತರಂತೆ. ಹೊಸದಕ್ಕೆ ಮೂವತ್ತೈದು ಸಾವಿರ ರೂಪಾಯಿ. ಭಾವನವರು ಸಾಲದ ಮಾತನ್ನೆತ್ತಿದ್ದರು. ಹುಡುಗಿ ತನಗೆ ಲ್ಯಾಪ್‌ಟಾಪೇ ಬೇಡವೆನ್ನುತ್ತಿದ್ದಳು. ಈ ಸ್ಥಿತಿಯಲ್ಲಿ, ಭೌತಶಾಸ್ತ್ರ ಬಲ್ಲ ಸೋದರಮಾವನಿಗೆ ಕರೆ ಬಂದಿತು.

ನಾವು ಹೋದವರೇ ಮನೆಯನ್ನು ನೋಡಿದೆವು. ರೂಟರ್ ಪೆಟ್ಟಿಗೆ ಇದ್ದುದು ಮುಂದಿನ ಪಡಸಾಲೆಯಲ್ಲಿ. ಹುಡುಗಿಯ ಮೇಜು ಹಿಂದಿನ ಕೋಣೆಯಲ್ಲಿ. ನಡುವೆ ಎರಡು ದಪ್ಪ ಗೋಡೆಗಳು, ಒಂದು ಕಬ್ಬಿಣದ ಬೀರು. ಅಲೆಗಳು ಇಲ್ಲಿಯವರೆಗೆ ತಲುಪುತ್ತಿಲ್ಲವೆಂದು ನಿಶ್ಚಯಿಸಿ, ಗೋಡೆ ಅಲೆಗಳನ್ನು ಹೀರುವ ಬಗೆಯನ್ನೂ ಲೋಹ ಅವನ್ನು ಹಿಂದಿರುಗಿಸುವ ಬಗೆಯನ್ನೂ ಕಾಲು ಗಂಟೆ ವಿವರಿಸಿದೆವು. ಬಳಿಕ ಲ್ಯಾಪ್‌ಟಾಪನ್ನು ರೂಟರಿನ ಪಕ್ಕಕ್ಕೇ ಒಯ್ದು ಇಟ್ಟರೂ ಏನೂ ಕಾಣಿಸಲಿಲ್ಲ. ‘ಹಾಗಾದರೆ ಅಂಗಡಿಯವರು ಹೇಳಿದ್ದೇ ನಿಜ, ಕಾರ್ಡು ಸತ್ತಿದೆ’ ಎಂದೆವು. ಆಗ ಹುಡುಗಿ ಕೇಳಿದಳು: ‘ಮಾವ, ಕಾರ್ಡು ಇದೆಯೋ ಇಲ್ಲವೋ ಅಂತ ಯಂತ್ರವನ್ನೇ ಕೇಳೋಕಾಗಲ್ವಾ?’

ಆ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಕಪ್ಪು ಹಲಗೆಯ ಮೇಲೆ ಬರೆಯಬಲ್ಲ ನಾವು, ಆ ಸಮೀಕರಣಗಳ ಬಲದಿಂದಲೇ ನಡೆಯುವ ಕಾರ್ಡು ಬದುಕಿದೆಯೋ ಸತ್ತಿದೆಯೋ ಎಂಬುದನ್ನು ಪರೀಕ್ಷಿಸದೆಯೇ ಮರಣಪತ್ರ ಬರೆದುಕೊಟ್ಟಿದ್ದೆವು. ಮುಂದೆ ನಡೆದುದನ್ನು ಹೇಳುವುದಕ್ಕೆ ಮೊದಲು, ಈ ಕಾರ್ಡು ಏನೆಂಬುದನ್ನು ತರುಣ ವಾಚಕರು ಸ್ವಲ್ಪ ತಿಳಿಯುವುದು ಒಳ್ಳೆಯದು.

ಲ್ಯಾಪ್‌ಟಾಪಿನ ತಳದ ಮುಚ್ಚಳವನ್ನು ತೆಗೆದರೆ, ಹೆಬ್ಬೆರಳಿನ ಎರಡು ಗೆಣ್ಣುಗಳಷ್ಟು ದೊಡ್ಡದಾದ ಒಂದು ಬಿಲ್ಲೆ ಅನೇಕ ಯಂತ್ರಗಳಲ್ಲಿ ಕಾಣುತ್ತದೆ. ಅದರಿಂದ ಸಾಮಾನ್ಯವಾಗಿ ಎರಡು ತೆಳ್ಳನೆಯ ತಂತಿಗಳು ಹೊರಟು, ಪರದೆಯ ಚೌಕಟ್ಟಿನೊಳಗೆ ಅಡಗಿರುವ ಆಂಟೆನಾಗಳನ್ನು ಸೇರುತ್ತವೆ. ಇದೇ ನಿಸ್ತಂತು ಕಾರ್ಡು. ಇದು ಏಕಕಾಲಕ್ಕೆ ಒಂದು ಪುಟ್ಟ ರೇಡಿಯೋ ನಿಲಯವೂ ಹೌದು, ಒಂದು ರೇಡಿಯೋ ಪೆಟ್ಟಿಗೆಯೂ ಹೌದು.

ಭದ್ರಾವತಿಯವರಿಗೆ ಈ ಮಾತನ್ನು ತಿಳಿಯಹೇಳುವುದು ಸುಲಭ. ಆ ಊರಿನಲ್ಲಿ 1960ರ ದಶಕದಲ್ಲಿ ಆಕಾಶವಾಣಿಯ ನಿಲಯವೊಂದು ಸ್ಥಾಪಿತವಾಯಿತು. ದಶಕಗಳ ಕಾಲ ಮಲೆನಾಡಿನ ಮನೆಗಳು 675 ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಅದರ ದನಿಯನ್ನು ಕೇಳಿದುವು. ಬೆಳಕಿನ ವೇಗವನ್ನು ಈ ಆವೃತ್ತಿಯಿಂದ ಭಾಗಿಸಿದರೆ ತರಂಗಾಂತರವು 444 ಮೀಟರು ಎಂದಾಗುತ್ತದೆ. ಅಂದರೆ ಒಂದೊಂದು ಅಲೆಯೂ ಅರ್ಧ ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ವೈ-ಫೈ ಕಾರ್ಡು ಬಳಸುವ ಆವೃತ್ತಿ ಇದರ ಸುಮಾರು ಮೂರೂವರೆ ಸಾವಿರ ಪಟ್ಟು, ಅಂದರೆ 2.4 ಗಿಗಾಹರ್ಟ್ಸ್. ಅದರ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು ಮಾತ್ರ. ಒಂದು ಗೇಣಿಗಿಂತಲೂ ಕಡಿಮೆ. ತರಂಗಾಂತರದ ಕಾಲುಭಾಗದಷ್ಟು ಉದ್ದದ ಆಂಟೆನಾ ಅಲೆಗಳನ್ನು ಚೆನ್ನಾಗಿ ಹೊರಡಿಸಬಲ್ಲುದು. 675 ಕಿಲೋಹರ್ಟ್ಸಿಗೆ ಅಂಥ ಸ್ತಂಭವನ್ನು ಕಟ್ಟಿದರೆ 111 ಮೀಟರು ಎತ್ತರವಾದೀತು. ವೈ-ಫೈಗೆ ಮೂರು ಸೆಂಟಿಮೀಟರು ಸಾಕು. ಆಂಟೆನಾ ಪರದೆಯ ಚೌಕಟ್ಟಿನಲ್ಲಿ ಅಡಗಿ ಕೂರಲು ಸಾಧ್ಯವಾದುದು ಹೀಗೆ.

ಮನೆಯೊಳಗೆ ಒಂದು ನಿಲಯವೆಂಬ ಕಲ್ಪನೆಯೂ ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನು ಇಟ್ಟು ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಇಡೀ ದೇಶದ ಪ್ರಸಾರಸಂಸ್ಥೆಗೆ ಅದು ಅನ್ವಯವಾದದ್ದು ಆಮೇಲೆ. ಅದಕ್ಕೂ ಹಿಂದೆ, 1895ರಲ್ಲಿ, ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ವಿದ್ಯುತ್ಕಾಂತ ತರಂಗಗಳನ್ನು ಗೋಡೆಗಳ ಮೂಲಕ ಹಾಯಿಸಿ ಆಚೆಯಿದ್ದ ಗಂಟೆಯನ್ನು ಬಾರಿಸಿ ತೋರಿಸಿದರು. ಅವರ ಪ್ರಯೋಗಗಳ ಅಲೆಗಳು ಕೆಲವೇ ಮಿಲಿಮೀಟರಿನವರೆಗೆ ಚಿಕ್ಕವಾಗಿದ್ದುವು. ವೈ-ಫೈ ಅಲೆಗಳಿಗಿಂತಲೂ ಚಿಕ್ಕವು. ಬೋಸರು ಆಗ ಒಂದು ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು. ವಯಸ್ಸು ನಲವತ್ತಕ್ಕೆ ಒಳಗೆ. ಉಪಕರಣಗಳನ್ನು ರೂಪಿಸಿ ಮಾಡಿಸಿಕೊಂಡವರು ಅವರೇ. ಈ ಇಬ್ಬರು ಅಧ್ಯಾಪಕರ ನೆನಪು ಆ ಸಂಜೆ ನಮಗೆ ಅಷ್ಟೇನೂ ಹಿತವಾಗಿರಲಿಲ್ಲ.

ಇನ್ನು ನಡೆದ ಕಥೆಗೆ ಬರೋಣ. ಹುಡುಗಿಯ ಪ್ರಶ್ನೆಯಿಂದ ಎಚ್ಚೆತ್ತು, ನಾವಿಬ್ಬರೂ ಒಂದು ಹಾಳೆಯ ಮೇಲೆ ಐದು ಪ್ರಶ್ನೆಗಳನ್ನು ಬರೆದೆವು. ಒಂದು: ಕಾರ್ಡು ಯಂತ್ರಕ್ಕೆ ಕಾಣುತ್ತಿದೆಯೆ? ಎರಡು: ಅದನ್ನು ನಡೆಸತಕ್ಕ ತಂತ್ರಾಂಶ ಸಿದ್ಧವಾಗಿದೆಯೆ? ಮೂರು: ಯಾರಾದರೂ ಅದರ ಬಾಯನ್ನು ಕಟ್ಟಿದ್ದಾರೆಯೆ, ಅಂದರೆ ಸ್ವಿಚ್ಚು ಆರಿದೆಯೆ? ನಾಲ್ಕು: ಅದಕ್ಕೆ ರೂಟರಿನ ದನಿ ಕೇಳಿ, ಗುರುತಿನ ಮಾತು ಹೊಂದುತ್ತಿದೆಯೆ? ಐದು: ರೂಟರು ಅದಕ್ಕೊಂದು ವಿಳಾಸವನ್ನು ಕೊಟ್ಟಿದೆಯೆ? ಈ ಪ್ರಶ್ನೆಗಳ ಕ್ರಮವನ್ನು ವಾಚಕರು ಗಮನಿಸಬೇಕು. ಒಂದಕ್ಕೆ ‘ಹೌದು’ ಎಂಬ ಉತ್ತರ ಬಾರದೆ ಮುಂದಿನದನ್ನು ಕೇಳುವುದರಲ್ಲಿ ಅರ್ಥವಿಲ್ಲ. ಗೋಡೆ, ಬೀರುಗಳ ವಿಷಯವಾಗಿ ನಾವು ಕೊಟ್ಟ ಉಪನ್ಯಾಸವು ನಾಲ್ಕನೆಯ ಪ್ರಶ್ನೆಗೆ ಸೇರಿದ್ದು. ಮೊದಲನೆಯದನ್ನು ಕೇಳದೆಯೇ ನಾವು ನಾಲ್ಕನೆಯದಕ್ಕೆ ಹಾರಿದ್ದೆವು.

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಯಂತ್ರವೇ ಕೊಡುತ್ತದೆ. ವಿಂಡೋಸಿನಲ್ಲಿ ‘ಡಿವೈಸ್ ಮ್ಯಾನೇಜರ್’ ಎಂಬ ಪಟ್ಟಿಯುಂಟು. ಲಿನಕ್ಸಿನಲ್ಲಿ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯುಂಟು. ಯಂತ್ರದೊಳಗಿನ ಇಂಥ ಪ್ರತಿಯೊಂದು ಕಾರ್ಡೂ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ. ಒಂದು ತಯಾರಕನದು, ಇನ್ನೊಂದು ಆ ಮಾದರಿಯದು. ಮನೆತನದ ಹೆಸರೂ ಅಂಕಿತನಾಮವೂ ಇದ್ದಂತೆ. ಇಂಟೆಲ್ ಸಂಸ್ಥೆಯ ಮನೆತನದ ಸಂಖ್ಯೆ 8086; ಆ ಸಂಸ್ಥೆ 1978ರಲ್ಲಿ ಹೊರತಂದ ಪ್ರಸಿದ್ಧ ಸಂಸ್ಕಾರಕದ ಹೆಸರೂ ಅದೇ. ನಾವು ಆಜ್ಞೆಯನ್ನು ಕೊಟ್ಟೆವು. ಪಟ್ಟಿಯ ಕೊನೆಯ ಸಾಲುಗಳಲ್ಲಿ ನಿಸ್ತಂತು ಕಾರ್ಡು ತನ್ನ ಎರಡೂ ಸಂಖ್ಯೆಗಳೊಡನೆ ನೆಟ್ಟಗೆ ನಿಂತಿತ್ತು. ಸತ್ತ ಕಾರ್ಡು ಹೆಸರು ಕೂಗಿದಾಗ ಓಗೊಡುವುದಿಲ್ಲ. ಮೂವತ್ತೈದು ಸಾವಿರ ರೂಪಾಯಿಯ ತೀರ್ಪು ಬಹುಮಟ್ಟಿಗೆ ಬಿದ್ದುಹೋದದ್ದು ಆ ಒಂದು ಸಾಲಿನಿಂದ.

ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರಣೆ ಬೇಕು. ಕಾರ್ಡು ಕೆಲಸ ಮಾಡಲು ಎರಡು ಬಗೆಯ ತಂತ್ರಾಂಶಗಳು ಬೇಕಾಗುತ್ತವೆ. ಒಂದು ಡ್ರೈವರ್; ಇದು ಯಂತ್ರದ ಕಡೆ ಕುಳಿತು ಕಾರ್ಡಿನೊಡನೆ ಮಾತನಾಡುವ ದುಭಾಷಿ. ಇನ್ನೊಂದು ಫರ್ಮ್‌ವೇರ್, ಇದು ಕಾರ್ಡಿನೊಳಗೇ ಹೊಕ್ಕು, ಅದರ ಪುಟ್ಟ ಸಂಸ್ಕಾರಕಕ್ಕೆ ಕೆಲಸವನ್ನು ಕಲಿಸುವ ಕ್ರಮವಿಧಿ. ಅನೇಕ ಕಾರ್ಡುಗಳಿಗೆ ವಿದ್ಯುತ್ತು ಆರಿದೊಡನೆ ಈ ಎರಡನೆಯದು ಮರೆತುಹೋಗುತ್ತದೆ. ಪ್ರತಿ ಸಲವೂ ಯಂತ್ರವು ಅದನ್ನು ಹೊಸದಾಗಿ ಊಡಬೇಕು. ನಾವು ಲಿನಕ್ಸಿನ ದಿನಚರಿಯನ್ನು ತೆರೆದೆವು. ಯಂತ್ರ ಎಚ್ಚರಗೊಂಡ ಕ್ಷಣದಿಂದ ಕಂಡುದೆಲ್ಲವನ್ನೂ ಅದು ಸಾಲುಸಾಲಾಗಿ ಬರೆದಿಡುತ್ತದೆ. ಸಾವಿರಕ್ಕೂ ಮೀರಿದ ಆ ಸಾಲುಗಳನ್ನು ಕಂಡು ನಾವು ಹಿಂಜರಿದೆವು. ಹುಡುಗಿ ಬೆರಳಿಟ್ಟು ಓದುತ್ತ ಹೋದಳು. ಒಂದು ಕಡೆ ಇಂಗ್ಲಿಷಿನಲ್ಲಿ, ಇಂಥ ಹೆಸರಿನ ಫರ್ಮ್‌ವೇರ್ ಕಡತ ಸಿಕ್ಕಲಿಲ್ಲವೆಂದು ಸ್ಪಷ್ಟವಾಗಿ ಬರೆದಿತ್ತು.

ಈ ಸಾಲು ನಮ್ಮನ್ನು ಬಹಳ ಹೊತ್ತು ಕಾಡಿತು. ಯಂತ್ರವು ಮೂರು ತಿಂಗಳಿಂದ, ಚಾಲೂ ಆದಾಗಲೆಲ್ಲ, ತನಗೆ ಏನು ಬೇಕೆಂಬುದನ್ನು ಹೆಸರು ಹಿಡಿದು ಹೇಳುತ್ತಲೇ ಇದ್ದಿತು. ತಂತ್ರಾಂಶ ಹಾಕಿಕೊಟ್ಟ ಹುಡುಗನು ಓದಲಿಲ್ಲ, ಅಂಗಡಿಯವರು ಓದಲಿಲ್ಲ, ನಾವೂ ಓದಲಿಲ್ಲ.

ಕಡತವನ್ನು ತರುವುದಕ್ಕೆ ಅಂತರಜಾಲ ಬೇಕು. ಅಂತರಜಾಲಕ್ಕೆ ಆ ಕಡತವೇ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂಥ ಈ ಗಂಟನ್ನು ಅಕ್ಕನ ಮೊಬೈಲು ಬಿಡಿಸಿತು. ಅದನ್ನು ಚಾರ್ಜರಿನ ತಂತಿಯಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಸಂಪರ್ಕವನ್ನು ತಂತಿಯ ಮೂಲಕ ಹಂಚಿಕೊಂಡು, ಲಿನಕ್ಸಿನ ಅಧಿಕೃತ ಭಂಡಾರದಿಂದಲೇ ಫರ್ಮ್‌ವೇರನ್ನು ಇಳಿಸಿಕೊಂಡೆವು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಾಗ ದಿನಚರಿಯಲ್ಲಿ ಆ ದೂರು ಮಾಯವಾಗಿತ್ತು. ಆದರೂ ವೈ-ಫೈ ಬರಲಿಲ್ಲ.

ಇಲ್ಲಿ ನಿರಾಶರಾಗಿ ಎದ್ದುಬಿಡುವವರೇ ಹೆಚ್ಚು. ಹಾಳೆಯಲ್ಲಿ ಮೂರನೆಯ ಪ್ರಶ್ನೆ ಕಾದಿತ್ತಾದುದರಿಂದ ನಾವು ಏಳಲಿಲ್ಲ. ‘ಆರ್‌ಎಫ್‌ಕಿಲ್’ ಎಂಬ ಆಜ್ಞೆಯು, ರೇಡಿಯೋವನ್ನು ಯಾವುದಾದರೂ ಸ್ವಿಚ್ಚು ತಡೆದಿದೆಯೇ ಎಂಬುದನ್ನು ತಿಳಿಸುತ್ತದೆ. ತಡೆಯಲ್ಲಿ ಎರಡು ವಿಧ: ತಂತ್ರಾಂಶದಲ್ಲಿ ಹಾಕಿದ ತಡೆ, ಕೈಯಿಂದ ಸರಿಸಿದ ಸ್ವಿಚ್ಚಿನ ತಡೆ. ಎರಡನೆಯದು ಬಿದ್ದಿದೆಯೆಂದು ಉತ್ತರ ಬಂದಿತು. ಹಳೆಯ ಲ್ಯಾಪ್‌ಟಾಪುಗಳಲ್ಲಿ ವಿಮಾನಯಾತ್ರಿಕರ ಅನುಕೂಲಕ್ಕೆಂದು ಅಂಚಿನಲ್ಲಿ ಒಂದು ಸಣ್ಣ ಸರಿಯುವ ಸ್ವಿಚ್ಚನ್ನು ಇಡುತ್ತಿದ್ದರು. ಅದು ಎಡಕ್ಕೆ ಸರಿದಿತ್ತು; ಧೂಳು ಒರೆಸುವಾಗ ಯಾರದೋ ಕೈ ತಗುಲಿದ್ದಿರಬೇಕು. ಬಲಕ್ಕೆ ಸರಿಸಿದೊಡನೆ ಪರದೆಯ ಮೇಲೆ ಅಕ್ಕಪಕ್ಕದ ಮನೆಗಳ ರೂಟರುಗಳ ಹೆಸರುಗಳೆಲ್ಲ ಸಾಲಾಗಿ ಮೂಡಿದುವು. ನಾಲ್ಕನೆಯ, ಐದನೆಯ ಪ್ರಶ್ನೆಗಳಿಗೆ ಉತ್ತರ ದೊರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಒಟ್ಟು ವೆಚ್ಚ ಎರಡು ಸಂಜೆಗಳು. ರೂಪಾಯಿಯ ಲೆಕ್ಕದಲ್ಲಿ ಏನೂ ಇಲ್ಲ.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ ಉದ್ದೇಶವನ್ನು ಈಗ ತಿಳಿಸಬೇಕು. ನಮ್ಮ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಉತ್ತರವು ಮೊದಲೇ ಗೊತ್ತಿರುತ್ತದೆ. ಗುರುತ್ವ ವೇಗೋತ್ಕರ್ಷ 9.8 ಬರಬೇಕು, ಬಾರದಿದ್ದರೆ ವಿದ್ಯಾರ್ಥಿ ಹಿಂದಿನ ವರ್ಷದ ದಾಖಲೆ ಪುಸ್ತಕವನ್ನು ನೋಡಿ ಅಂಕಿಗಳನ್ನು ತಿದ್ದುತ್ತಾನೆ. ನಾವೂ ಕಂಡು ಕಾಣದವರಂತೆ ಸಹಿ ಹಾಕುತ್ತೇವೆ. ಮನೆಯ ಮೇಜಿನ ಮೇಲಿನ ಕೆಟ್ಟ ಲ್ಯಾಪ್‌ಟಾಪಿಗೆ ಇಂಥ ದಾಖಲೆ ಪುಸ್ತಕವಿಲ್ಲ. ಅದರ ಮುಂದೆ ಕುಳಿತ ವಿದ್ಯಾರ್ಥಿಗೆ ಉತ್ತರ ಗೊತ್ತಿಲ್ಲ, ಅಧ್ಯಾಪಕನಿಗೂ ಗೊತ್ತಿಲ್ಲ. ಊಹೆಯನ್ನು ಮಾಡಬೇಕು, ಊಹೆಯನ್ನು ಮುರಿಯಬಲ್ಲ ಪರೀಕ್ಷೆಯನ್ನು ಯೋಚಿಸಬೇಕು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಕಂಡದ್ದನ್ನು ಬರೆದಿಡಬೇಕು. ಬೇಕನ್, ಗೆಲಿಲಿಯೋ ಮೊದಲಾದವರ ಹೆಸರು ಹೇಳಿ ನಾವು ಬೋಧಿಸುವ ವಿಧಾನವು ಇದೇ ಅಲ್ಲವೆ?

ಆದುದರಿಂದ ನಮ್ಮ ಅಭಿಪ್ರಾಯ ಇದು: ವಿಜ್ಞಾನವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಕಾಲೇಜಿನ ಒಂದು ಯಂತ್ರದ ನಿಸ್ತಂತು ಕಾರ್ಡನ್ನು ಒಮ್ಮೆಯಾದರೂ ತಾನೇ ಕೈಯಾರೆ ಅಣಿಗೊಳಿಸಬೇಕು, ಕಾಲೇಜುಗಳು ಅದಕ್ಕೆ ಪ್ರಯೋಗಶಾಲೆಯಲ್ಲಿ ಸ್ಥಳವನ್ನೂ ಅಂಕಗಳನ್ನೂ ಕೊಡಬೇಕು. ಬಳಕೆ ತಪ್ಪಿದ ಲ್ಯಾಪ್‌ಟಾಪುಗಳು ಈಗ ಪ್ರತಿಯೊಂದು ಕಾಲೇಜಿನ ಉಗ್ರಾಣದಲ್ಲಿಯೂ ಸಿಕ್ಕುತ್ತವೆ. ಅಂಥ ನಾಲ್ಕು ಯಂತ್ರಗಳಲ್ಲಿ ಅಧ್ಯಾಪಕರು ಬೇಕೆಂದೇ ನಾಲ್ಕು ಬಗೆಯ ದೋಷಗಳನ್ನಿಟ್ಟು, ದೋಷ ಯಾವುದೆಂಬುದನ್ನೂ ಅದನ್ನು ಯಾವ ಕ್ರಮದಿಂದ ಕಂಡುಹಿಡಿದೆನೆಂಬುದನ್ನೂ ಬರೆಯಹೇಳಬಹುದು. ಸರಿಪಡಿಸಲಾಗದಿದ್ದರೂ, ಕ್ರಮ ಸರಿಯಾಗಿದ್ದರೆ ಅಂಕ ಕೊಡತಕ್ಕದ್ದು.

ಕಾರ್ಡು ಅಣಿಯಾದ ಮೇಲೆ ಅದೇ ಒಂದು ಉಪಕರಣವೂ ಆಗುತ್ತದೆ. ಕಾರ್ಡು ತನಗೆ ತಲುಪುತ್ತಿರುವ ಶಕ್ತಿಯನ್ನು ‘ಡಿಬಿಎಂ’ ಎಂಬ ಮಾನದಲ್ಲಿ ತಿಳಿಸುತ್ತದೆ. ಈ ಮಾನದಲ್ಲಿ ಸೊನ್ನೆಯೆಂದರೆ ಒಂದು ಮಿಲಿವ್ಯಾಟ್. ಹತ್ತು ಅಂಕ ಕೆಳಗಿಳಿದರೆ ಶಕ್ತಿ ಹತ್ತರಲ್ಲೊಂದು ಭಾಗವಾಗುತ್ತದೆ. ರೂಟರು 100 ಮಿಲಿವ್ಯಾಟ್ ಹೊರಡಿಸಿ, ಹಿಂದಿನ ಕೋಣೆಯಲ್ಲಿ ಮಾಪಕವು ಋಣ 70 ಎಂದು ತೋರಿಸಿದರೆ, ಹೊರಟದ್ದರಲ್ಲಿ ನೂರು ಕೋಟಿಗೆ ಒಂದು ಪಾಲು ಮಾತ್ರ ತಲುಪಿತೆಂದರ್ಥ. ಅಷ್ಟರಿಂದಲೇ ಕಾರ್ಡು ಒಂದು ಪಾಠದ ಚಲಚ್ಚಿತ್ರವನ್ನು ತೊಡಕಿಲ್ಲದೆ ತರಬಲ್ಲುದು! ದೂರವನ್ನು ಇಮ್ಮಡಿಸಿದರೆ ಶಕ್ತಿ ಕಾಲುಭಾಗಕ್ಕಿಳಿಯಬೇಕೆಂಬುದು ವಿಲೋಮ ವರ್ಗ ನಿಯಮ. ಅಂದರೆ ಮಾಪಕ ಆರು ಅಂಕ ಕೆಳಗಿಳಿಯಬೇಕು. ತೆರೆದ ಮೈದಾನದಲ್ಲಿಯೂ ಕಾಲೇಜಿನ ಓಣಿಯಲ್ಲಿಯೂ ಇದನ್ನು ಅಳೆದು ನೋಡಿರಿ. ಎರಡರ ಉತ್ತರಗಳೂ ಒಂದೇ ಆಗಿರುವುದಿಲ್ಲ. ಓಣಿಯಲ್ಲಿ ಗೋಡೆಗಳಿಂದ ಮರಳಿದ ಅಲೆಗಳು ನೇರ ಬಂದ ಅಲೆಗಳೊಡನೆ ಸೇರಿ, ಕೆಲವೆಡೆ ಪರಸ್ಪರ ಬಲಗೊಂಡು ಕೆಲವೆಡೆ ಅಳಿಸಿಹೋಗುತ್ತವೆ. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಎರಡೆರಡು ಸೆಂಟಿಮೀಟರು ಸರಿಸುತ್ತ ಓದಿಕೊಂಡರೆ ಈ ಏರಿಳಿತವು ಕಣ್ಣಿಗೆ ಕಾಣುತ್ತದೆ. ಬೆಳಕಿನ ವ್ಯತಿಕರಣದ ಪಾಠವನ್ನು ಸೋಡಿಯಂ ದೀಪವಿಲ್ಲದೆ, ಕತ್ತಲೆ ಕೋಣೆಯಿಲ್ಲದೆ ಕಲಿಯುವ ಒಂದು ದಾರಿ ಇದು.

ಮಾರ್ಗಗಳ ಆಯ್ಕೆಯಲ್ಲಿಯೂ ಪಾಠವುಂಟು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹದಿಮೂರು ಮಾರ್ಗಗಳಿವೆ. ಒಂದೊಂದರ ನಡುವಣ ಅಂತರ 5 ಮೆಗಾಹರ್ಟ್ಸ್; ಪ್ರಸಾರವು ಹಿಡಿಯುವ ಅಗಲವಾದರೋ ಸುಮಾರು 20 ಮೆಗಾಹರ್ಟ್ಸ್. ಹೀಗಾಗಿ 1, 6, 11 ಎಂಬಂಥ ದೂರದೂರದ ಮಾರ್ಗಗಳಲ್ಲಿ ಒಂದರ ಮೇಲೊಂದು ಹೊರಳದೆ ಸಾಗಬಹುದು. ಬೀದಿಯ ಹತ್ತು ಮನೆಗಳೂ ಒಂದೇ ಮಾರ್ಗವನ್ನು ಹಿಡಿದರೆ ಸಂತೆಯ ಗದ್ದಲವಾಗುತ್ತದೆ. ಅದನ್ನು ಅರಿತು ಮಾರ್ಗವನ್ನು ಬದಲಿಸಿದವನ ಸಂಪರ್ಕ ಸುಧಾರಿಸುತ್ತದೆ. ಕಾರ್ಡಿನಲ್ಲಿ ದೇಶದ ಹೆಸರನ್ನು ಅಮೆರಿಕವೆಂದು ಇರಿಸಿದ್ದರೆ 12, 13ನೆಯ ಮಾರ್ಗಗಳಲ್ಲಿರುವ ರೂಟರು ಅದಕ್ಕೆ ಕಾಣದೇ ಹೋಗಬಹುದು. ಭೌತಶಾಸ್ತ್ರದ ನಿಯಮಗಳ ಜೊತೆಗೆ ರಾಜ್ಯಗಳ ನಿಯಮಗಳೂ ಕಾರ್ಡಿನಲ್ಲಿ ವಾಸವಾಗಿವೆ.

ಆ ನಿಯಮಗಳ ಮಾತು ಬಂದಾಗ ಭಾವನ ತಂದೆಯವರು ಹೇಳಿದ ಸಂಗತಿಯೊಂದನ್ನು ಇಲ್ಲಿ ಸೇರಿಸುವುದು ಉಚಿತ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ಹುಡುಗಿಯೂ ನಾವೂ ನೆಲದ ಮೇಲೆ ಕುಳಿತು ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತಿದ್ದುದನ್ನು ನೋಡಿ, ತಮ್ಮ ಕಾಲದಲ್ಲಿ ರೇಡಿಯೋ ಪೆಟ್ಟಿಗೆಗೆ ಅಂಚೆಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಬೇಕಿತ್ತೆಂದೂ, ಕೆಟ್ಟರೆ ಹಿಂಬದಿಯ ಹಲಗೆಯನ್ನು ಕಳಚಿ ತಾವೇ ನೋಡುತ್ತಿದ್ದೆವೆಂದೂ ನೆನೆದರು. ಕೇಳುವ ಪೆಟ್ಟಿಗೆಗೂ ಪರವಾನಗಿ ಬೇಕಾಗಿದ್ದ ಆ ಪದ್ಧತಿ 1980ರ ದಶಕದವರೆಗೆ ಇತ್ತು. ಇಂದು ಅವರ ಮೊಮ್ಮಗಳು ಕೇಳುವ ಪೆಟ್ಟಿಗೆಯ ಜೊತೆಗೆ ಪ್ರಸಾರಯಂತ್ರವನ್ನೂ ಮಡಿಲಲ್ಲಿಟ್ಟುಕೊಂಡು ಕೂರಬಲ್ಲಳು. ಅವಳಿಂದ ಯಾರೂ ಲೈಸೆನ್ಸನ್ನು ಕೇಳುವುದಿಲ್ಲ. ಅಮೆರಿಕದಲ್ಲಿ 1985ರಲ್ಲಿ ಈ ಪಟ್ಟಿಗಳನ್ನು ಪರವಾನಗಿಯಿಲ್ಲದ ಸಂಪರ್ಕಕ್ಕೆ ತೆರೆದರು. 1997ರಲ್ಲಿ ವೈ-ಫೈಯ ಮೊದಲ ಮಾನಕ ಹೊರಬಂದಿತು. ಭಾರತ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ, 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನೂ, ಶಕ್ತಿಯ ಮಿತಿಗೊಳಪಟ್ಟು, ಪರವಾನಗಿಯಿಂದ ಬಿಡುಗಡೆ ಮಾಡಿತು. ರೇಡಿಯೋ ಅಲೆಗಳ ಒಂದು ಪಟ್ಟಿ ಹೀಗೆ ಜನಸಾಮಾನ್ಯರ ಗೋಮಾಳವಾಯಿತು. ಆದರೆ ಪೆಟ್ಟಿಗೆಯ ಹಿಂಬದಿಯನ್ನು ಕಳಚಿ ನೋಡುವ ಧೈರ್ಯ ಮಾತ್ರ ಅಜ್ಜನ ಕಾಲಕ್ಕಿಂತ ಕಡಮೆಯಾಗಿದೆ.

ದೋಷವೆಲ್ಲ ವಿದ್ಯಾರ್ಥಿಗಳದೇ ಎಂದು ಹೇಳುವುದು ನ್ಯಾಯವಲ್ಲ. ತಯಾರಕರಲ್ಲಿ ಅನೇಕರು ಕಾರ್ಡಿನ ಒಳಗುಟ್ಟನ್ನು ಬಹುಕಾಲ ಮುಚ್ಚಿಟ್ಟರು. ಕಾರ್ಡು ತಯಾರಿಸುವ ಬ್ರಾಡ್‌ಕಾಮ್ ಸಂಸ್ಥೆ ತನ್ನ ಕೆಲವು ಹೊಸ ಕಾರ್ಡುಗಳ ಡ್ರೈವರನ್ನು ಲಿನಕ್ಸಿಗಾಗಿ ಬಹಿರಂಗಪಡಿಸಿದ್ದು 2010ರಲ್ಲಿ. ಅದಕ್ಕೆ ಮೊದಲು, ಅದರ ಹಳೆಯ ಕಾರ್ಡುಗಳ ನಡತೆಯನ್ನು ಹೊರಗಿನಿಂದ ಗಮನಿಸಿ ಗಮನಿಸಿ ಸ್ವಯಂಸೇವಕರೇ ಡ್ರೈವರನ್ನು ಬರೆದಿದ್ದರು. ಪ್ರಕೃತಿಯ ನಿಯಮಗಳನ್ನು ವಿಜ್ಞಾನಿ ಕಂಡುಹಿಡಿಯುವ ಪರಿಯೂ ಹೀಗೆಯೇ. ಫರ್ಮ್‌ವೇರ್ ಮುಕ್ತವಲ್ಲವೆಂಬ ಕಾರಣದಿಂದ ಡೆಬಿಯನ್ ಎಂಬ ಲಿನಕ್ಸ್ ಬಳಗವು ಅದನ್ನು ತನ್ನ ಅಧಿಕೃತ ಅನುಸ್ಥಾಪನಾ ಪ್ರತಿಯಲ್ಲಿ ಬಹುಕಾಲ ಸೇರಿಸುತ್ತಿರಲಿಲ್ಲ. ಬಳಕೆದಾರರ ಕಷ್ಟವನ್ನು ಕಂಡು 2022ರಲ್ಲಿ ಸದಸ್ಯರು ಮತ ಹಾಕಿ ಸೇರಿಸಲು ತೀರ್ಮಾನಿಸಿದರು. 2023ರ ಆವೃತ್ತಿಯಿಂದ ಅದು ಜೊತೆಯಲ್ಲಿಯೇ ಬರುತ್ತಿದೆ. ತತ್ತ್ವಕ್ಕೂ ಅನುಕೂಲಕ್ಕೂ ನಡೆದ ಈ ಜಗ್ಗಾಟದ ಪರಿಣಾಮವೇ ನಮ್ಮ ಅಕ್ಕನ ಮಗಳ ಮೇಜಿನವರೆಗೆ ಬಂದು ತಲುಪಿತ್ತು.

ಇದಕ್ಕೆ ಕೆಲವರು ಆಕ್ಷೇಪವೆತ್ತಬಹುದು. ಬಸ್ಸಿನಲ್ಲಿ ಕೂರುವವನು ಎಂಜಿನ್ನಿನ ವಿಷಯವನ್ನು ತಿಳಿಯಬೇಕೆ? ರಿಪೇರಿಗೆ ಅಂಗಡಿಗಳಿರುವಾಗ ಓದುವ ಮಕ್ಕಳು ಎರಡು ಸಂಜೆಗಳನ್ನು ಏತಕ್ಕೆ ಕಳೆಯಬೇಕು? ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಎಲ್ಲರೂ ಎಲ್ಲವನ್ನೂ ತಿಳಿಯಲಾರರು. ಒಳ್ಳೆಯ ರಿಪೇರಿಗಾರನ ಕೌಶಲಕ್ಕೆ ಬೆಲೆಯುಂಟು. ಆದರೆ ವಿಜ್ಞಾನದ ವಿದ್ಯಾರ್ಥಿ ಬಸ್ಸಿನ ಪ್ರಯಾಣಿಕನಷ್ಟೇ ಆಗಿ ಉಳಿಯಲು ಕಾಲೇಜಿಗೆ ಬಂದವನಲ್ಲ. ಅಲ್ಲದೆ, ಅಂಗಡಿಗೆ ಹೋಗುವವನೂ ‘ವೈ-ಫೈ ಬರುತ್ತಿಲ್ಲ’ ಎಂದು ಹೇಳುವುದಕ್ಕೂ, ‘ಕಾರ್ಡು ಯಂತ್ರಕ್ಕೆ ಕಾಣುತ್ತಿದೆ, ಫರ್ಮ್‌ವೇರ್ ಸಿಕ್ಕುತ್ತಿಲ್ಲ’ ಎಂದು ಹೇಳುವುದಕ್ಕೂ ಬಹಳ ವ್ಯತ್ಯಾಸವುಂಟು. ಎರಡನೆಯವನಿಗೆ ಯಾರೂ ಹೊಸ ಲ್ಯಾಪ್‌ಟಾಪನ್ನು ಮಾರಲಾರರು. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲಿಗಾಗಿ ಗುಡ್ಡ ಹತ್ತಿ ಕುಳಿತುದನ್ನು ನಾವು ಮರೆತಿಲ್ಲ. ಅಂಥ ಮನೆಗಳಲ್ಲಿ ಒಂದು ಕೆಟ್ಟ ಕಾರ್ಡೆಂದರೆ ಒಂದು ವರ್ಷದ ಓದು.

ಇನ್ನೊಂದು ತೊಡಕು ಭಾಷೆಯದು. ಯಂತ್ರದ ದೂರುಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಅವನ್ನು ಕಂಡೊಡನೆ ಮುಚ್ಚಿಬಿಡುತ್ತಾರೆ. ಆದರೆ ಈ ಸಾಲುಗಳ ಇಂಗ್ಲಿಷು ಬಹಳ ಚಿಕ್ಕದು. ‘ಸಿಕ್ಕಲಿಲ್ಲ’, ‘ಅನುಮತಿಯಿಲ್ಲ’, ‘ಕಾಲ ಮೀರಿತು’, ‘ತಡೆಹಿಡಿದಿದೆ’ ಎಂಬಿಷ್ಟೇ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇಂಥ ಮೂವತ್ತು ನಲವತ್ತು ಮಾತುಗಳಿಗೆ ಕನ್ನಡದ ಅರ್ಥವನ್ನು ಬರೆದು ಪ್ರತಿಯೊಂದು ಗಣಕ ಕೊಠಡಿಯ ಗೋಡೆಗೆ ಹಚ್ಚಿದರೆ ಅರ್ಧ ಭಯ ಹೋದೀತು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಒಬ್ಬ ಅಧ್ಯಾಪಕನೂ ಒಂದು ರಟ್ಟಿನ ಹಾಳೆಯೂ ಸಾಕು.

ಕೊನೆಯಲ್ಲಿ ಕೆಲವು ಎಚ್ಚರಿಕೆಗಳು. ಮುಚ್ಚಳವನ್ನು ತೆರೆಯುವ ಮೊದಲು ಯಂತ್ರವನ್ನು ಆರಿಸಿ, ಚಾರ್ಜರನ್ನು ಕಳಚಿ, ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಬೇಕು. ಉಬ್ಬಿದ ಬ್ಯಾಟರಿಯನ್ನು ಕಂಡರೆ ಅಲ್ಲಿಯೇ ನಿಲ್ಲಿಸಿ, ಬಲ್ಲವರಿಗೆ ಒಪ್ಪಿಸಬೇಕು. ಆಂಟೆನಾ ತಂತಿಗಳ ತುದಿಗಳು ಸಾಸುವೆಗಿಂತ ತುಸು ದೊಡ್ಡವು. ಬಲ ಹಾಕಿದರೆ ಮುರಿಯುತ್ತವೆ. ಖಾತರಿಯ ಅವಧಿಯಲ್ಲಿರುವ ಯಂತ್ರವನ್ನು ಬಿಚ್ಚಬಾರದು. ಕೆಲವು ಲ್ಯಾಪ್‌ಟಾಪುಗಳು ತಮ್ಮ ತಯಾರಕರು ಒಪ್ಪಿದ ಕಾರ್ಡುಗಳನ್ನು ಬಿಟ್ಟು ಬೇರೆಯವನ್ನು ಒಳಗೊಳ್ಳುವುದಿಲ್ಲ. ಕೊಳ್ಳುವ ಮೊದಲು ವಿಚಾರಿಸಿರಿ. ಡ್ರೈವರನ್ನು ತಯಾರಕರಿಂದಲೋ ಅಧಿಕೃತ ಭಂಡಾರದಿಂದಲೋ ಪಡೆಯಿರಿ. ಕಂಡಕಂಡಲ್ಲಿಂದ ಇಳಿಸಿಕೊಂಡ ತಂತ್ರಾಂಶ ಕಳ್ಳನಿಗೆ ಕೊಟ್ಟ ಬೀಗದ ಕೈ. ರೂಟರಿನ ಭದ್ರತೆಯನ್ನು ಡಬ್ಲ್ಯೂಪಿಎ-2 ಅಥವಾ ಡಬ್ಲ್ಯೂಪಿಎ-3ಕ್ಕೆ ಇರಿಸಿ, ಅಂಗಡಿಯಿಂದ ಬಂದ ಪಾಸ್‌ವರ್ಡನ್ನು ಬದಲಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ ಪ್ರತಿಯೊಂದು ಕೆಲಸವನ್ನೂ ಹಾಳೆಯ ಮೇಲೆ ಬರೆದಿಡಿರಿ. ಬಿಚ್ಚಿದ ಸ್ಕ್ರೂಗಳನ್ನು ಮತ್ತೆ ಹಾಕುವಾಗ ನೆನಪಿಗಿಂತ ಬರಹವೇ ಒಳ್ಳೆಯ ಗೆಳೆಯ.

ನಾವು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹಿಂದಿರುಗುವಾಗ ಆ ಐದು ಪ್ರಶ್ನೆಗಳ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದೆವು. ಈಗ ಅದು ನಮ್ಮ ಪ್ರಯೋಗಶಾಲೆಯ ಬಾಗಿಲಿನ ಒಳಬದಿಯಲ್ಲಿದೆ. ಅದರ ಕೆಳಗೆ ಒಂದು ಸಾಲನ್ನು ಮಾತ್ರ ನಾವು ಸೇರಿಸಿದ್ದೇವೆ: ‘ತೀರ್ಪು ಕೊಡುವ ಮೊದಲು ಯಂತ್ರವನ್ನೇ ಕೇಳಿ.’ ಅದನ್ನು ಮೊದಲು ಓದಬೇಕಾದವರು ನಾವೇ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಇನ್ನೂ ತಿಳಿಯದು.